ಗಾಳಿಯ ಅಲೆಗೆ ಬಾಡಿಗೆ ತೆತ್ತ ಬೋಧಕ

ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಕೃಷ್ಣಾ, ಘಟಪ್ರಭೆಯರ ಆಸುಪಾಸಿನ ಈ ಊರುಗಳಿಗೆ, ನೆರೆಯ ಬೀಳಗಿಗೆ, ಮಗ್ಗದ ಸದ್ದಿನ ರಬಕವಿ-ಬನಹಟ್ಟಿಗೆ ಕನ್ನಡದ ರೇಡಿಯೊ ಹತ್ತಿರವಾದದ್ದು ಅಂದಿನಿಂದ. ಅದಾದ ಮೂರೇ ದಿನಕ್ಕೆ, ಜನವರಿ 11ರಂದು, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಾಲ್ಟರ್ ಎ. ಮಾಯರ್ ತೀರಿಕೊಂಡರು. ಅವರಿಗೆ 56 ವರ್ಷ. ಆ ಹೊತ್ತಿಗೆ ಅವರ 'ಲೂಥರನ್ ಅವರ್' ಎಂಬ ಸಾಪ್ತಾಹಿಕ ಬಾನುಲಿ ಪ್ರವಚನ 36 ಭಾಷೆಗಳಲ್ಲಿ, 55 ದೇಶಗಳಿಗೆ, 1,200ಕ್ಕೂ ಹೆಚ್ಚು ಕೇಂದ್ರಗಳಿಂದ ಬಿತ್ತರವಾಗುತ್ತಿತ್ತು.

ಈ ಎರಡು ಘಟನೆಗಳಿಗೆ ನೇರ ನಂಟಿಲ್ಲ. ಆದರೆ ಗಾಳಿಯ ಅಲೆಗಳ ಮೇಲೆ ಧರ್ಮದ ಮಾತಿಗೆ ಜಾಗ ಕೊಡುವವರು ಯಾರು, ಅದರ ವೆಚ್ಚ ಭರಿಸುವವರು ಯಾರು ಎಂಬ ಪ್ರಶ್ನೆಗೆ ಅವು ಎರಡು ತದ್ವಿರುದ್ಧ ಉತ್ತರಗಳಾಗಿದ್ದವು. ಮಾಯರ್ ಅವರ ಬದುಕನ್ನು ಇಲ್ಲಿ ಕುಳಿತು ನೆನೆಯಲು ಅದೇ ಕಾರಣ.

1893ರ ಅಕ್ಟೋಬರ್ 4ರಂದು ಬಾಸ್ಟನ್ನಿನಲ್ಲಿ, ಜರ್ಮನ್ ಮೂಲದ ಕುಟುಂಬದಲ್ಲಿ ಹುಟ್ಟಿದ ಮಾಯರ್ ಸ್ವಭಾವತಃ ಪಂಡಿತರು. ಸೇಂಟ್ ಲೂಯಿಸ್‌ನ ಕನ್‌ಕಾರ್ಡಿಯಾ ಸೆಮಿನರಿಯಲ್ಲಿ 1922ರಿಂದ ಹೀಬ್ರೂ ಮತ್ತು ಹಳೆಯ ಒಡಂಬಡಿಕೆಯ ಪ್ರಾಧ್ಯಾಪಕರು. ಸೆಮಿಟಿಕ್ ಭಾಷೆಗಳ ಅಧ್ಯಯನಕ್ಕೆ 1929ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್. ಅವರ ಪಂಥವಾದ ಮಿಸೌರಿ ಸಿನಾಡ್, ಮೊದಲ ಮಹಾಯುದ್ಧದವರೆಗೂ ಬಹುಪಾಲು ಜರ್ಮನ್ ಭಾಷೆಯಲ್ಲೇ ಪ್ರಾರ್ಥಿಸುತ್ತಿದ್ದ, ತನ್ನ ಬೇಲಿಯೊಳಗೇ ಇರಬಯಸುತ್ತಿದ್ದ ಸಭೆ. ಅಂಥ ಸಭೆಯಿಂದ ಇಡೀ ದೇಶವನ್ನು ಇಂಗ್ಲಿಷಿನಲ್ಲಿ ಕೂಗಿ ಕರೆಯುವ ದನಿಯೊಂದು ಹೊರಟದ್ದು ಸೋಜಿಗವೇ. 1924ರ ಡಿಸೆಂಬರಿನಲ್ಲಿ ಸೆಮಿನರಿಯ ಅಟ್ಟದ ಮೇಲೆ ಕೆಎಫ್‌ಯುಒ ಎಂಬ ಪುಟ್ಟ ಬಾನುಲಿ ಕೇಂದ್ರ ಶುರುವಾಯಿತು. ಅದರ ಹಿಂದಿನ ಹುಮ್ಮಸ್ಸು ಮಾಯರ್ ಅವರದು.

ಸ್ಥಳೀಯ ಕೇಂದ್ರ ಅವರಿಗೆ ಸಾಲಲಿಲ್ಲ. ಅಂದಿನ ದೊಡ್ಡ ಜಾಲವಾದ ಎನ್‌ಬಿಸಿ ಧರ್ಮಕ್ಕೆ ಸಮಯವನ್ನು ಮಾರುತ್ತಿರಲಿಲ್ಲ. ಪ್ರಮುಖ ಪಂಥಗಳ ಒಕ್ಕೂಟಗಳಿಗೆ ಉಚಿತವಾಗಿ ಹಂಚುತ್ತಿತ್ತು. ಆ ಒಕ್ಕೂಟದ ಹೊರಗಿದ್ದ ಮಾಯರ್ ಸಿಬಿಎಸ್ ಜಾಲದಿಂದ ಸಮಯವನ್ನು ಕೊಂಡರು. 1930ರ ಅಕ್ಟೋಬರ್ 2ರ ಗುರುವಾರ ರಾತ್ರಿ ಮೊದಲ ಪ್ರಸಾರ. ಆರ್ಥಿಕ ಮಹಾಕುಸಿತದ ದಿನಗಳವು. ವಾರದ ಅರ್ಧ ಗಂಟೆಗೆ 4,000 ಡಾಲರಿಗೂ ಮಿಕ್ಕ ವೆಚ್ಚ. ಅದನ್ನು ಹೊತ್ತದ್ದು ಲೂಥರನ್ ಗೃಹಸ್ಥರ ಸಂಘ ಮತ್ತು ಪತ್ರದೊಳಗೆ ಒಂದೆರಡು ಡಾಲರ್ ಮಡಚಿಟ್ಟು ಕಳಿಸಿದ ಕೇಳುಗರು. ಪತ್ರಗಳೇನೋ ರಾಶಿ ಬಿದ್ದವು, ಹಣ ಸಾಲಲಿಲ್ಲ. 1931ರ ಜೂನ್‌ನಲ್ಲಿ ಪ್ರಸಾರ ನಿಂತಿತು.

ಅದೇ ವರ್ಷ ಸಿಬಿಎಸ್ ಕೂಡ ಧರ್ಮಕ್ಕೆ ಸಮಯ ಮಾರುವುದನ್ನು ಬಿಟ್ಟಿತು. ಅದಕ್ಕೆ ಕಾರಣ ಡೆಟ್ರಾಯಿಟ್ ಬಳಿಯ ಪಾದ್ರಿ ಚಾರ್ಲ್ಸ್ ಕಾಫ್ಲಿನ್. ಹಣ ಕೊಟ್ಟು ಪಡೆದ ಸಮಯವನ್ನು ಆತ ರಾಜಕೀಯದ ವೇದಿಕೆ ಮಾಡಿಕೊಂಡ. ದಶಕದ ಕೊನೆಗೆ ಯೆಹೂದಿ ದ್ವೇಷವನ್ನೇ ಬಿತ್ತತೊಡಗಿದ. ಮಾಯರ್ ಪರ ವಹಿಸುವವರು ಕಾಫ್ಲಿನ್‌ನನ್ನು ಮರೆಯುವಂತಿಲ್ಲ. ಇಬ್ಬರೂ ಹೊಕ್ಕದ್ದು ಒಂದೇ ಬಾಗಿಲಿನಿಂದ.

1935ರಲ್ಲಿ ಬೆರಳೆಣಿಕೆಯ ಕೇಂದ್ರಗಳೊಡನೆ, ಹೊಸದಾಗಿ ಹುಟ್ಟಿದ್ದ ಮ್ಯೂಚುವಲ್ ಜಾಲದ ಮೂಲಕ ಕಾರ್ಯಕ್ರಮ ಮರುಜೀವ ಪಡೆಯಿತು. ಮುಂದೆ ಪ್ರವಚನವನ್ನು ದೊಡ್ಡ ತಟ್ಟೆಗಳಲ್ಲಿ ಮುದ್ರಿಸಿ ಕೇಂದ್ರದಿಂದ ಕೇಂದ್ರಕ್ಕೆ ಕಳಿಸುವ ಪದ್ಧತಿ ಬೆಳೆಯಿತು. ತಂತಿಯ ಜಾಲವಿಲ್ಲದ ಊರಿಗೂ, ಸಮುದ್ರದಾಚೆಗೂ ದನಿ ತಲುಪಿದ್ದು ಹಾಗೆ. ಮೈಕಿನ ಮುಂದೆ ಮಾಯರ್ ಕೋಟು, ಅಂಗಿ ಕಳಚಿ, ಒಳಅಂಗಿಯಲ್ಲಿ ನಿಂತು, ಮುಷ್ಟಿ ಬಿಗಿದು ಮಾತಾಡುತ್ತಿದ್ದರಂತೆ. ಬಾನುಲಿಗೆ ಆಪ್ತವಾದ ಮೆಲುದನಿ ಬೇಕೆಂಬ ಪಾಠ ಅವರಿಗೆ ಒಗ್ಗಲಿಲ್ಲ. ಕಮ್ಯುನಿಸಂ, ನಾಸ್ತಿಕತೆ, ಬೈಬಲಿನ ಆಧುನಿಕ ವಿಮರ್ಶೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಖಂಡಿಸುವ ಅವರ ರೀತಿ ಇಂದು ಓದುವವರಿಗೆ ಕರ್ಕಶವಾಗಿ ಕಂಡೀತು. ನನಗೂ ಹಾಗೆಯೇ ಅನಿಸುತ್ತದೆ. ಆದರೂ ಲಕ್ಷಗಟ್ಟಲೆ ಪತ್ರ ಬರೆದವರು ವಿದ್ವತ್ತಿಗೆ ಮನಸೋತವರಲ್ಲ; ಮನೆ, ಕೆಲಸ, ದಾಂಪತ್ಯ ಕಳೆದುಕೊಂಡು ಯಾರಿಗೋ ಹೇಳಿಕೊಳ್ಳಬೇಕಾದವರು. 1944ರಲ್ಲಿ ಅವರು ಪಾಠದಿಂದ ರಜೆ ಪಡೆದು ಬಾನುಲಿಗೇ ಮುಡಿಪಾದರು. ಆ ದುಡಿಮೆ ಅವರ ಹೃದಯವನ್ನು ಸವೆಸಿತೆಂದು ಹೇಳಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಈ ಸೀಮೆಗೆ ಕ್ರೈಸ್ತ ಬೋಧನೆ ಹೊಸದಲ್ಲ. ಬೀಳಗಿಗೆ ದೂರವಲ್ಲದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಲ್ಲೇ ನೆಲೆಯೂರಿತ್ತು. ಅದು ಕಾಲ್ನಡಿಗೆಯ, ಅಚ್ಚುಮೊಳೆಯ ಬೋಧನೆ; ಊರ ಜನರ ಎದುರು ನಿಂತು ಅವರ ಪ್ರಶ್ನೆಗಳಿಗೆ, ಗೇಲಿಗೆ ಉತ್ತರಿಸಬೇಕಾಗಿದ್ದ ಬೋಧನೆ. ಬಾನುಲಿಗೆ ಆ ಹಂಗಿಲ್ಲ. ಅದು ನಮ್ಮಲ್ಲಿ ಸರ್ಕಾರದ ಕೈಯಲ್ಲಿತ್ತು. ಧಾರವಾಡ ಕೇಂದ್ರ ಬೇಂದ್ರೆಯವರನ್ನು, ಮಲ್ಲಿಕಾರ್ಜುನ ಮನ್ಸೂರರನ್ನು ಸಲಹೆಗಾರರನ್ನಾಗಿ ಪಡೆದ ಭಾಗ್ಯಶಾಲಿ. ಅಲ್ಲಿ ವಚನ, ದಾಸರ ಪದ, ಕ್ರಿಸ್‌ಮಸ್ ಗೀತೆ ಎಲ್ಲಕ್ಕೂ ಜಾಗವಿತ್ತು. ಆದರೆ ಯಾವ ಮಠವೂ, ಯಾವ ಚರ್ಚೂ, ಯಾವ ಮಸೀದಿಯೂ ಹಣ ತೆತ್ತು ಅರ್ಧ ಗಂಟೆಯನ್ನು ತನ್ನದಾಗಿಸಿಕೊಳ್ಳುವಂತಿರಲಿಲ್ಲ.

ಬಾಗಿಲು ಮುಚ್ಚಿದರೆ ಗಾಳಿ ಕಿಟಕಿ ಹುಡುಕುತ್ತದೆ. 1952ರಲ್ಲಿ ಸಚಿವ ಕೇಸ್ಕರ್ ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ ದೇಶದ ಕೇಳುಗರು ರೇಡಿಯೊ ಸಿಲೋನಿನತ್ತ ಗುಂಡಿ ತಿರುಗಿಸಿದರು. ಸಮಯ ಮಾರುತ್ತಿದ್ದ ಅದೇ ಸಿಲೋನಿನಲ್ಲಿ ಕ್ರೈಸ್ತ ಪ್ರವಚನಗಳೂ ಬಂದವು. 1970ರಲ್ಲಿ ಸೇಶೆಲ್ಸ್ ದ್ವೀಪದಿಂದ ಫೆಬಾ ಸಂಸ್ಥೆಯ ಕಿರುತರಂಗ ಪ್ರಸಾರ ಆರಂಭವಾಯಿತು. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿತು. 1970ರ ದಶಕದ ಕೊನೆಗೆ ಶ್ರೀಲಂಕಾದ ಪುತ್ತಲಂನಿಂದ ಟ್ರಾನ್ಸ್ ವರ್ಲ್ಡ್ ರೇಡಿಯೊ ದಕ್ಷಿಣ ಭಾರತದತ್ತ ಮುಖ ಮಾಡಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿದ ರೇಡಿಯೊದಲ್ಲೇ ಸರ್ಕಾರ ಕೊಡದ ಮಾತು ಕೇಳಿಸುತ್ತಿತ್ತು. ಮಾಯರ್ ತೋರಿದ ಬಾಡಿಗೆಯ ದಾರಿ ಕಡಲು ಬಳಸಿ ಬಂದಿತ್ತು, ಅಷ್ಟೆ.

ಸರ್ಕಾರದ ನಿರ್ಬಂಧ ಸರಿಯೇ ಎಂದರೆ, ಕಾಫ್ಲಿನ್‌ನನ್ನು ನೆನೆದಾಗ ಸರಿ ಎನಿಸುತ್ತದೆ. ಆದರೆ ಯಾವ ಧರ್ಮದ ಮಾತು ಎಷ್ಟು ಹೊತ್ತು ಕೇಳಬೇಕೆಂಬುದನ್ನು ಅಧಿಕಾರಿಯೊಬ್ಬ ತೀರ್ಮಾನಿಸುವ ಏರ್ಪಾಡೂ ನಿರ್ದೋಷಿಯಲ್ಲ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆ ಬಳಿಕ ಖಾಸಗಿ ಎಫ್‌ಎಂ ಬಂದರೂ ಧಾರ್ಮಿಕ ಸಂಸ್ಥೆಗಳಿಗೆ ಅದರ ಪರವಾನಗಿ ಇಲ್ಲ. ಸೇಶೆಲ್ಸ್‌ನ ಪ್ರಸಾರ 2003ರಲ್ಲಿ ನಿಂತುಹೋಯಿತು. ಬನಹಟ್ಟಿಯ ನೇಕಾರ ಈಗ ಪ್ರವಚನ ಕೇಳಬೇಕೆನಿಸಿದರೆ ಮಗ್ಗದ ಪಕ್ಕದಲ್ಲಿಟ್ಟ ಮೊಬೈಲನ್ನು ಒತ್ತಿದರಾಯಿತು. ಅದರ ಬಾಡಿಗೆ ಯಾರು ಕಟ್ಟುತ್ತಿದ್ದಾರೆ ಎಂಬುದು ಮಾತ್ರ ಅವನಿಗೆ ಕಾಣುವುದಿಲ್ಲ. ಮಾಯರ್ ಅವರ ಕೇಳುಗರಿಗೆ ಅದು ತಿಳಿದಿತ್ತು. ಲಕೋಟೆಯೊಳಗೆ ನೋಟು ಮಡಚಿಟ್ಟವರು ಅವರೇ ತಾನೆ?