ನಂದಿ ಹಾಲ್ಟ್ ಮತ್ತು ನಮ್ಮ ಸರ್ ಎಂವಿ

ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗೋ ಲೈನ್ ಇದೆಯಲ್ಲ, ಅದರಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ದಾಟಿದ ಮೇಲೆ ನಂದಿ ಹಾಲ್ಟ್ ಅಂತ ಒಂದು ಪುಟ್ಟ ಸ್ಟೇಷನ್ ಸಿಗುತ್ತೆ. ಸುತ್ತ ಹೊಲ, ತೋಟ, ಆಚೆ ಬೆಟ್ಟ. ದಿನಕ್ಕೆ ಕೆಲವೇ ರೈಲು. ಬೆಳಗಿನ ಜಾವ ನಂದಿಬೆಟ್ಟಕ್ಕೆ ಬೈಕ್ ಓಡಿಸೋ ನಮ್ಮಲ್ಲಿ ಈ ಸ್ಟೇಷನ್ ನೋಡಿದವರು ಕಡಿಮೆ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಯಾರ ಹೆಸರಲ್ಲಿ ಇಂಜಿನಿಯರ್ಸ್ ಡೇ ಮಾಡ್ತೀವೋ ಅವರ ಊರು ಮುದ್ದೇನಹಳ್ಳಿ ಇಲ್ಲಿಂದ ಕೆಲವೇ ಕಿಲೋಮೀಟರ್.

ವಿಶ್ವೇಶ್ವರಯ್ಯನವರು ಹುಡುಗರಾಗಿದ್ದಾಗ ಆ ಕಡೆ ರೈಲೇ ಇರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಶಾಲೆ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡರು, ಆಮೇಲೆ ಬೆಂಗಳೂರು. ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮಾಡಿ 1884ರಲ್ಲಿ ಬಾಂಬೆ ಸರ್ಕಾರದ ಕೆಲಸಕ್ಕೆ ಸೇರಿದರು. ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರು ಕೂರಿಸಿದ ಗೇಟುಗಳು ನೀರು ಏರಿದಾಗ ತಾವಾಗೇ ತೆರೆದುಕೊಳ್ಳುತ್ತಿದ್ದವು.

1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದಾಗ ರೈಲ್ವೆ ಕಾರ್ಯದರ್ಶಿ ಹೊಣೆಯೂ ಅವರ ಮೇಲೇ ಬಿತ್ತು. 1912ರಲ್ಲಿ ದಿವಾನರಾದರು. ಈ ಲೈನ್ ಬಂದಿದ್ದು ಅವರ ದಿವಾನಗಿರಿಯ ಕಾಲದಲ್ಲಿ, 1915ರ ಸುಮಾರಿಗೆ. ಹೆಸರು ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ, ನಡೆಸಿದ್ದು ಒಂದು ಕಂಪನಿ. ಹಳಿಗಳ ನಡುವಿನ ಅಗಲ ಬರೀ 762 ಮಿಲಿಮೀಟರ್. ಇವತ್ತಿನ ಬ್ರಾಡ್‌ಗೇಜ್ 1676. ಅರ್ಧಕ್ಕಿಂತ ಕಡಿಮೆ! ಹಗುರ ಹಳಿ, ಕಡಿದಾದ ತಿರುವು, ಸಣ್ಣ ಇಂಜಿನ್, ಹಾಗಾಗಿ ಖರ್ಚೂ ಕಡಿಮೆ. ಹಳ್ಳಿಗಳಿಗೆ ರೈಲು ತರಬೇಕು, ದುಡ್ಡು ಕಡಿಮೆ ಅಂದಾಗ ಮಾಡೋ ಲೆಕ್ಕ ಇದೇ. ಸ್ಪೀಡ್ ಇಲ್ಲ, ಆದರೆ ರೈತ ತರಕಾರಿ ಬುಟ್ಟಿ ಹತ್ತಿಸಬಹುದು.

ರೈಲಿನ ಸದ್ದು ಕೇಳಿಯೇ ಹಳಿ ಮುರಿದಿದೆ ಅಂತ ಹೇಳಿ ಅವರು ರೈಲು ನಿಲ್ಲಿಸಿದರು ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ನಮಗೆ ಬಂದಿದ್ದರಲ್ಲಂತೂ ಊರಿಲ್ಲ, ತಾರೀಕಿಲ್ಲ. ನಮಗೆ ಈ ಪುಟ್ಟ ಲೈನೇ ಹೆಚ್ಚು ಇಷ್ಟ.

ಅವರನ್ನ ದೇವರು ಮಾಡೋದೂ ಬೇಡ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋ ವಿಷಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಜೊತೆ ಭಿನ್ನಾಭಿಪ್ರಾಯ ಬಂದು 1918ರಲ್ಲಿ ದಿವಾನಗಿರಿ ಬಿಟ್ಟರು. ಅಲ್ಲಿ ನಮ್ಮ ವೋಟು ಮಹಾರಾಜರಿಗೆ. ಮನೆಪಾಠ ಹೇಳಿ ಓದಿದವರಿಗೆ, ಶಾಲೆಯ ಮೆಟ್ಟಿಲೇ ಸಿಗದವರ ಕಷ್ಟ ಯಾಕೆ ಅರ್ಥ ಆಗಲಿಲ್ಲವೋ!

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ. 1990ರ ದಶಕದಲ್ಲಿ ಲೈನ್ ಬ್ರಾಡ್‌ಗೇಜ್ ಆಯಿತು. 2021ರಲ್ಲಿ ಇದೇ ಹಳಿ ಮೇಲೆ ಏರ್‌ಪೋರ್ಟ್ ಹಾಲ್ಟ್ ಕೂಡ ಬಂತು. ನಂದಿ ಹಾಲ್ಟಿನ ಹಳೇ ಕಟ್ಟಡವನ್ನ ಇಂಟ್ಯಾಕ್‌ನವರು ದುರಸ್ತಿ ಮಾಡಿಸಿದ್ದಾರೆ. ಹೋಗೋದಾದರೆ ಟೈಮ್‌ಟೇಬಲ್ ನೋಡಿಕೊಂಡು ಹೋಗಿ, ಒಂದು ರೈಲು ತಪ್ಪಿದರೆ ಇನ್ನೊಂದಕ್ಕೆ ತುಂಬಾ ಹೊತ್ತು ಕಾಯಬೇಕು.