ಕಾಯುವಿಕೆಯ ಲೆಕ್ಕ ಬರೆದ ಮೇಷ್ಟ್ರು: ಎ.ಕೆ. ಎರ್ಲಾಂಗ್

ಸೆಮಿಸ್ಟರ್ ರಿಸಲ್ಟ್ ದಿನ ಸೈಟ್ ಯಾಕೆ ಮಲಗುತ್ತೆ? ನಮ್ಮ ಹಾಸ್ಟೆಲ್‌ಗಳಲ್ಲಿ ಈ ಪ್ರಶ್ನೆ ವರ್ಷಕ್ಕೆ ಎರಡು ಸಲ ಏಳುತ್ತೆ, ಸರ್ವರ್‌ಗೆ ನಾಲ್ಕು ಮಾತು ಬೈದ ಮೇಲೆ ತಣ್ಣಗಾಗುತ್ತೆ. ಇದಕ್ಕೆ ಲೆಕ್ಕದ ಉತ್ತರ ಕೊಟ್ಟವರು ಕಂಪ್ಯೂಟರನ್ನು ಕಣ್ಣಲ್ಲೂ ನೋಡದ ಒಬ್ಬ ಡೆನ್ಮಾರ್ಕಿನ ಮೇಷ್ಟ್ರು, ಆಗ್ನರ್ ಕ್ರಾರುಪ್ ಎರ್ಲಾಂಗ್. ಇ.ಸಿ. ಬ್ರ್ಯಾಂಚಿನವರಿಗೆ ಎರ್ಲಾಂಗ್ ಅಂದ್ರೆ ಟ್ರಾಫಿಕ್ ಅಳೆಯೋ ಯೂನಿಟ್. ಸಿ.ಎಸ್.ನವರಿಗೆ ಅದೊಂದು ಪ್ರೋಗ್ರಾಮಿಂಗ್ ಭಾಷೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದು ಎರಡೂ ಕಡೆಯವರಿಗೆ ಅಷ್ಟಾಗಿ ನೆನಪಿರಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ಅವರ ಕಥೆ ಹೇಳೋಣ ಅಂತ ನಾವು ಹೊರಟಿದ್ದೀವಿ.

ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ಅಪ್ಪ ಅಲ್ಲಿನ ಶಾಲೆಯ ಮೇಷ್ಟ್ರು. ಸಂಜೆ ಅಣ್ಣ-ತಮ್ಮ ಇಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ಓದ್ತಿದ್ದರಂತೆ. ಒಬ್ಬ ನೇರವಾಗಿ ಓದಿದರೆ ಆಗ್ನರ್ ಎದುರಿಗೆ ಕೂತು ತಲೆಕೆಳಗಾದ ಅಕ್ಷರಗಳನ್ನೇ ಓದೋನು. ಆಕಾಶದ ಹುಚ್ಚು ಬೇರೆ ಇತ್ತು, ಖಗೋಳದ ಮೇಲೆ ಪದ್ಯಗಳನ್ನೂ ಕಟ್ಟುತ್ತಿದ್ದ. 14ನೇ ವಯಸ್ಸಿಗೇ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದ. ವಯಸ್ಸು ಸಾಲದು ಅಂತ ವಿಶೇಷ ಅನುಮತಿ ತಗೋಬೇಕಾಯ್ತು, ಆದರೆ ಪಾಸಾಗಿದ್ದು ಚೆನ್ನಾಗೇ. ಆಮೇಲೆ ಊರಿಗೆ ವಾಪಸ್ ಬಂದು ಎರಡು ವರ್ಷ ಅಪ್ಪನ ಶಾಲೆಯಲ್ಲೇ ಪಾಠ ಹೇಳಿದ. 1896ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಮತ್ತೆ ಕೋಪನ್‌ಹೇಗನ್, 1901ರಲ್ಲಿ ಗಣಿತದಲ್ಲಿ ಡಿಗ್ರಿ. ಮುಂದಿನ ಏಳು ವರ್ಷ ಮತ್ತೆ ಮೇಷ್ಟ್ರ ಕೆಲಸವೇ.

ಅವರ ಬದುಕಿಗೆ ತಿರುವು ಸಿಕ್ಕಿದ್ದು ಡೆನ್ಮಾರ್ಕಿನ ಗಣಿತಜ್ಞರ ಸಂಘದಲ್ಲಿ. ಅಲ್ಲಿ ಜೆನ್ಸನ್ ಅನ್ನೋರ ಪರಿಚಯ ಆಯ್ತು. ಮಷೀನ್ ಲರ್ನಿಂಗ್ ಓದೋರಿಗೆ ಜೆನ್ಸನ್ ಇನ್‌ಈಕ್ವಾಲಿಟಿ ಗೊತ್ತಲ್ವಾ, ಅದೇ ಜೆನ್ಸನ್. ಅವರು ಹೊಟ್ಟೆಪಾಡಿಗೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದರು. ಅವರ ಮೂಲಕ 1908ರಲ್ಲಿ ಎರ್ಲಾಂಗ್ ಅದೇ ಕಂಪನಿ ಸೇರಿದರು. ಆಗ ಅವರಿಗೆ 30 ವರ್ಷ.

ಕಂಪನಿಯ ತಲೆನೋವು ಏನು ಅಂತ ಈಗ ನೋಡೋಣ. ಒಂದು ಎಕ್ಸ್‌ಚೇಂಜಿನಿಂದ ಇನ್ನೊಂದಕ್ಕೆ ಕೆಲವೇ ಲೈನ್‌ಗಳು. ಲೈನ್ ಕಡಿಮೆ ಇದ್ದರೆ ಫೋನ್ ಮಾಡಿದವರಿಗೆ ಸಂಪರ್ಕ ಸಿಗಲ್ಲ, ಅವರು ಬೈತಾರೆ. ಜಾಸ್ತಿ ಹಾಕಿದರೆ ತಾಮ್ರದ ತಂತಿಗೆ ಸುರಿದ ದುಡ್ಡು ಸುಮ್ಮನೆ ಬಿದ್ದಿರುತ್ತೆ. ಹಾಗಾದ್ರೆ ಎಷ್ಟು ಹಾಕಬೇಕು? ಅಂದಾಜಿನ ಮೇಲೆ ಕಂಪನಿ ನಡೆಸೋಕಾಗುತ್ತಾ? ಎಷ್ಟು ಸರ್ವರ್ ಬಾಡಿಗೆಗೆ ತಗೋಬೇಕು, ಡೇಟಾಬೇಸ್ ಕನೆಕ್ಷನ್ ಪೂಲ್ ಎಷ್ಟಿರಬೇಕು ಅಂತ ಇವತ್ತು ಕ್ಲೌಡ್ ಡ್ಯಾಶ್‌ಬೋರ್ಡ್ ಮುಂದೆ ಕೂತವರು ತಲೆ ಕೆರೆದುಕೊಳ್ಳೋದೂ ಇದೇ ಪ್ರಶ್ನೆಗೆ.

1909ರಲ್ಲಿ ಅವರ ಮೊದಲ ಮುಖ್ಯ ಲೇಖನ ಬಂತು. ಯಾರು ಯಾವಾಗ ಫೋನ್ ಮಾಡ್ತಾರೆ ಅಂತ ಹೇಳೋಕಾಗಲ್ಲ, ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲ. ಆದರೂ ಒಟ್ಟಾಗಿ ನೋಡಿದರೆ ಆ ಕರೆಗಳು ಪಾಯ್ಸಾನ್ ವಿತರಣೆಯನ್ನು ಪಾಲಿಸುತ್ತವೆ ಅಂತ ಅವರು ತೋರಿಸಿದರು. ನಾವು ಎಂ-4 ಪರೀಕ್ಷೆಗೆ ಉರು ಹೊಡೆದು ಮರೆಯೋ ಅದೇ ಪಾಯ್ಸಾನ್. 1917ರ ಲೇಖನದಲ್ಲಿ ಇವತ್ತಿಗೂ ಬಳಕೆಯಲ್ಲಿರೋ ಎರಡು ಸೂತ್ರಗಳು ಬಂದವು. ಲೈನ್ ಸಿಗದವರು ವಾಪಸ್ ಹೋಗ್ತಾರೆ ಅನ್ನೋದಾದರೆ ಎರ್ಲಾಂಗ್-ಬಿ, ಸಾಲಲ್ಲಿ ಕಾಯ್ತಾರೆ ಅನ್ನೋದಾದರೆ ಎರ್ಲಾಂಗ್-ಸಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಅದಿಲ್ಲದೆ ಎರ್ಲಾಂಗ್ ಕಥೆ ಹೇಳಿದರೆ ಏನೂ ಹೇಳಿದಂತಾಗಲ್ಲ. ಗಂಟೆಗೆ 100 ಕರೆ, ಒಂದೊಂದು ಸರಾಸರಿ 3 ನಿಮಿಷ ಅಂದುಕೊಳ್ಳಿ. ಒಟ್ಟು 300 ನಿಮಿಷದ ಮಾತು, ಅಂದರೆ 5 ಗಂಟೆ. ಸರಾಸರಿ ಐದು ಲೈನ್ ಬ್ಯುಸಿ ಇರುತ್ತೆ, ಹಾಗಾಗಿ ಐದು ಲೈನ್ ಸಾಕು ಅಂತ ಯಾರಾದ್ರೂ ಹೇಳ್ತಾರೆ. ಎರ್ಲಾಂಗ್-ಬಿಗೆ ಹಾಕಿ ನೋಡಿ: 100ರಲ್ಲಿ ಸುಮಾರು 28 ಕರೆಗಳಿಗೆ ಲೈನೇ ಸಿಗಲ್ಲ! ಕರೆಗಳು ಕ್ಯೂನಲ್ಲಿ ನಿಂತು ಒಂದರ ಹಿಂದೆ ಒಂದು ಶಿಸ್ತಾಗಿ ಬರಲ್ಲ, ಗುಂಪುಗುಂಪಾಗಿ ನುಗ್ಗುತ್ತವೆ, ಆಮೇಲೆ ಸ್ವಲ್ಪ ಹೊತ್ತು ಲೈನ್ ಖಾಲಿ ಹೊಡೆಯುತ್ತೆ. ಖಾಲಿ ಇದ್ದ ಹೊತ್ತನ್ನು ಉಳಿಸಿಟ್ಟು ಆಮೇಲೆ ಬಳಸೋಕೆ ಬರಲ್ಲ. ಅದೇ 10 ಲೈನ್ ಹಾಕಿದರೆ ಸಿಗದೇ ಹೋಗೋದು 100ಕ್ಕೆ 2ಕ್ಕಿಂತ ಕಡಿಮೆ.

ಈಗ ಕರೆಯ ಜಾಗದಲ್ಲಿ ರಿಕ್ವೆಸ್ಟ್ ಇಡಿ, ಲೈನ್ ಜಾಗದಲ್ಲಿ ಸರ್ವರ್‌ನ ವರ್ಕರ್ ಇಡಿ. ಸೆಕೆಂಡಿಗೆ 50 ರಿಕ್ವೆಸ್ಟ್, ಒಂದೊಂದಕ್ಕೆ 100 ಮಿಲಿಸೆಕೆಂಡ್ ಅಂದ್ರೆ ಅದೂ 5 ಎರ್ಲಾಂಗ್. ಐದೇ ವರ್ಕರ್ ಇದ್ದು, ಖಾಲಿ ಇಲ್ಲದಾಗ ಬಂದ ರಿಕ್ವೆಸ್ಟನ್ನು ವಾಪಸ್ ಕಳಿಸೋ ವ್ಯವಸ್ಥೆ ಆಗಿದ್ದರೆ ಅದೇ 28 ಜನ ಹೊರಗೆ. ಹೊಸ ವರ್ಕರ್ ಸೇರಿಸದೆ, ಒಂದು ಕೆಟ್ಟ ಡೇಟಾಬೇಸ್ ಕ್ವೆರಿ ಸರಿ ಮಾಡಿ 100 ಮಿಲಿಸೆಕೆಂಡನ್ನು 50ಕ್ಕೆ ಇಳಿಸಿದರೆ? 28 ಇದ್ದದ್ದು 7ಕ್ಕೆ ಬರುತ್ತೆ. ಸಮಯ ಅರ್ಧ ಆಯ್ತು, ನಷ್ಟ ಕಾಲುಭಾಗ ಆಯ್ತು. ಪರ್ಫಾರ್ಮೆನ್ಸ್ ಅಂದ್ರೆ ಪೇಜ್ ಬೇಗ ತೆರೆದು ಖುಷಿ ಕೊಡೋದಷ್ಟೇ ಅಂತ ತಿಳಿದವರಿಗೆ ಈ ಲೆಕ್ಕ ಒಮ್ಮೆ ಮಾಡಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ಇನ್ನೊಂದು ಚಂದದ ವಿಷಯ ಇದೆ. 5 ಎರ್ಲಾಂಗ್ ಹೊರೆಯ ಎರಡು ಗುಂಪು, ಒಂದೊಂದಕ್ಕೂ ಪ್ರತ್ಯೇಕ 10 ಲೈನ್ ಅಂತಿಟ್ಟುಕೊಳ್ಳಿ. ಎರಡನ್ನೂ ಸೇರಿಸಿ 20 ಲೈನಿನ ಒಂದೇ ಗುಂಪು ಮಾಡಿದರೆ ನಷ್ಟ 1000ಕ್ಕೆ 2ಕ್ಕೂ ಕಡಿಮೆ, ಸುಮಾರು ಹತ್ತನೇ ಒಂದು ಭಾಗ. ಒಂದು ಲೈನೂ ಜಾಸ್ತಿ ಹಾಕಿಲ್ಲ! ಲೋಡ್ ಬ್ಯಾಲೆನ್ಸರ್ ಹಿಂದೆ ಎಲ್ಲ ಸರ್ವರ್‌ಗಳನ್ನೂ ಒಟ್ಟಿಗೆ ನಿಲ್ಲಿಸೋದರಿಂದ ಸಿಗೋ ಲಾಭಗಳಲ್ಲಿ ಇದೂ ಒಂದು.

ಎರ್ಲಾಂಗ್-ಬಿಯಲ್ಲಿ ಒಂದು ನಂಬಿಕೆ ಅಡಗಿದೆ: ಲೈನ್ ಸಿಗದವರು ಸುಮ್ಮನೆ ಹೋಗ್ತಾರೆ ಅಂತ. ರಿಸಲ್ಟ್ ಕಾಯೋ ನಮ್ಮಂಥವರು ಎಲ್ಲಿ ಹೋಗ್ತೀವಿ? ರಿಫ್ರೆಶ್ ಒತ್ತುತ್ತಲೇ ಇರ್ತೀವಿ. ಪ್ರತಿ ಒತ್ತಿಗೂ ಹೊರೆ ಏರುತ್ತೆ, ಇನ್ನಷ್ಟು ಜನ ಹೊರಗೆ ಬೀಳ್ತಾರೆ, ಅವರೂ ಒತ್ತುತ್ತಾರೆ. ಹಾಗಾಗಿ ನಿಜವಾದ ಪರಿಸ್ಥಿತಿ ಸೂತ್ರ ಹೇಳೋದಕ್ಕಿಂತ ಕೆಟ್ಟದಾಗಿರುತ್ತೆ. ಈಗಿನ ಆ್ಯಪ್‌ಗಳಲ್ಲಿ ಮರುಪ್ರಯತ್ನಕ್ಕೆ ಮುಂಚೆ ಸ್ವಲ್ಪ ಕಾದು, ಪ್ರತಿ ಸಲ ಆ ಅಂತರ ಹೆಚ್ಚಿಸಬೇಕು ಅಂತ ನಿಯಮ ಇಡೋದು ಇದೇ ಕಾರಣಕ್ಕೆ.

ಇಷ್ಟೆಲ್ಲ ಬರೆದವರು ಬರೀ ಕಾಗದದ ಮೇಲೆ ಕೂತವರಾಗಿರಲಿಲ್ಲ. ಕೇಬಲ್‌ಗಳಿಗೆ ದಾರಿ ತಪ್ಪಿ ಬರೋ ಕರೆಂಟ್ ಅಳೆಯೋದೂ ಅವರ ಕೆಲಸ ಆಗಿತ್ತು. ಶುರುವಿನಲ್ಲಿ ಪ್ರಯೋಗಾಲಯಕ್ಕೆ ಸಹಾಯಕರೇ ಇಲ್ಲ. ಏಣಿ ಹೊತ್ತ ಒಬ್ಬ ಕೆಲಸಗಾರನನ್ನು ಕರಕೊಂಡು ಕೋಪನ್‌ಹೇಗನ್ ಬೀದಿಗಳಲ್ಲಿ ಓಡಾಡಿ, ಮ್ಯಾನ್‌ಹೋಲ್‌ಗಳಿಗೆ ಇಳಿದು ತಾವೇ ಅಳತೆ ತಗೊಳ್ತಿದ್ದರು. ಗಣಿತದ ಮೇಷ್ಟ್ರು ಗುಂಡಿಯೊಳಗಿಂದ ತಲೆ ಎತ್ತೋದನ್ನ ಊಹಿಸಿಕೊಂಡರೆ ನಮಗೆ ಯಾಕೋ ತುಂಬಾ ಇಷ್ಟವಾಗುತ್ತೆ. ಮೀಟರ್ ನೋಡದೆ, ಲಾಗ್ ಓದದೆ ಸೈಟ್ ಸ್ಲೋ ಯಾಕೆ ಅಂತ ಗಂಟೆಗಟ್ಟಲೆ ವಾದ ಮಾಡೋ ನಮ್ಮ ಪ್ರಾಜೆಕ್ಟ್ ಟೀಮ್‌ಗಳಲ್ಲಿ ಇಂಥ ಒಬ್ಬರು ಇರಬೇಕಿತ್ತು.

ಎರ್ಲಾಂಗ್ ಮದುವೆ ಆಗಲಿಲ್ಲ. ಸಂಪಾದನೆಯಲ್ಲಿ ಪುಸ್ತಕಗಳಿಗೆ ದೊಡ್ಡ ಪಾಲು, ಗಣಿತ ಮತ್ತು ಖಗೋಳದ ಜೊತೆ ಇತಿಹಾಸ, ತತ್ತ್ವಶಾಸ್ತ್ರ, ಕಾವ್ಯವೂ ಅವರ ಕಪಾಟಿನಲ್ಲಿತ್ತು. ಕಷ್ಟ ಅಂತ ಪ್ರಯೋಗಾಲಯದ ಬಾಗಿಲಿಗೆ ಬಂದವರಿಗೆ ಯಾರಿಗೂ ಕಾಣದ ಹಾಗೆ ಏನಾದರೂ ಕೊಟ್ಟು ಕಳಿಸ್ತಿದ್ದರು. ಸುಮಾರು ಇಪ್ಪತ್ತು ವರ್ಷದ ನೌಕರಿಯಲ್ಲಿ ಕಾಯಿಲೆ ಅಂತ ಒಂದು ದಿನವೂ ರಜೆ ಹಾಕಿರಲಿಲ್ಲ ಎನ್ನುತ್ತಾರೆ. 1929ರ ಜನವರಿಯಲ್ಲಿ ಹೊಟ್ಟೆಯ ಆಪರೇಷನ್‌ಗೆ ಆಸ್ಪತ್ರೆ ಸೇರಿದರು, ಫೆಬ್ರವರಿ 3ರಂದು ತೀರಿಕೊಂಡರು. ವಯಸ್ಸು ಬರೀ 51.

ಅಷ್ಟರಲ್ಲಿ ಬ್ರಿಟನ್ನಿನ ಪೋಸ್ಟ್ ಆಫೀಸ್ ಸೇರಿ ಬೇರೆ ದೇಶದವರೂ ಅವರ ಸೂತ್ರ ಬಳಸೋಕೆ ಶುರು ಮಾಡಿದ್ದರು. 1946ರಲ್ಲಿ ಟೆಲಿಫೋನ್ ಟ್ರಾಫಿಕ್‌ನ ಅಂತಾರಾಷ್ಟ್ರೀಯ ಮಾನಕ್ಕೆ ಎರ್ಲಾಂಗ್ ಅಂತ ಹೆಸರಿಟ್ಟರು. ನಾಲ್ಕು ದಶಕದ ನಂತರ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಸೇರಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಒಂದು ಭಾಷೆ ಕಟ್ಟಿದರು. ಲಕ್ಷಾಂತರ ಸಣ್ಣ ಪ್ರೊಸೆಸ್‌ಗಳು ಒಟ್ಟಿಗೆ ಓಡಬೇಕು, ಒಂದು ಬಿದ್ದರೆ ಉಳಿದವು ಬೀಳಬಾರದು ಅನ್ನೋದು ಅದರ ಗುರಿ. ಅದಕ್ಕೂ ಮೇಷ್ಟ್ರ ಹೆಸರನ್ನೇ ಇಟ್ಟರು. 2012ರಲ್ಲಿ ವಾಟ್ಸ್‌ಆ್ಯಪ್‌ನವರು ಆ ಭಾಷೆಯಲ್ಲಿ ಬರೆದ ಒಂದೇ ಒಂದು ಸರ್ವರ್ ಮೇಲೆ 20 ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗಳನ್ನು ಒಟ್ಟಿಗೆ ನಿಲ್ಲಿಸಿ ತೋರಿಸಿದರು.