ಕ್ವಾಂಟಮ್ ಕಂಪ್ಯೂಟರ್‌ನ ಕನಸು ಕಂಡ ಫೈನ್‌ಮನ್: ರೇಡಿಯೋ ರಿಪೇರಿ ಹುಡುಗ ನೊಬೆಲ್ ವಿಜ್ಞಾನಿಯಾದ ಕಥೆ

ಬ್ಯಾಂಕ್ ಖಾತೆಯ ಭದ್ರತೆಯಿಂದ ಹಿಡಿದು ರಸಗೊಬ್ಬರದ ಕಾರ್ಖಾನೆವರೆಗೆ ಹಲವು ಕ್ಷೇತ್ರಗಳನ್ನು ಕ್ವಾಂಟಮ್ ಕಂಪ್ಯೂಟರ್ ಬದಲಿಸಲಿದೆ ಎಂಬ ಚರ್ಚೆ ಈಗ ಜೋರಾಗಿದೆ. ಇಂಥ ಯಂತ್ರ ಏಕೆ ಬೇಕು ಎಂದು ನಾಲ್ಕು ದಶಕಗಳ ಹಿಂದೆಯೇ ವಿವರಿಸಿದವರು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. ಆದರೆ ಅಂಥದ್ದೊಂದು ಯಂತ್ರವನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ರೇಡಿಯೋ ಬಿಚ್ಚಿ ಕಲಿತ ಹುಡುಗ

ಫೈನ್‌ಮನ್ ಹುಟ್ಟಿದ್ದು 1918ರ ಮೇ 11ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ಸಮವಸ್ತ್ರ ಮಾರಾಟದ ವ್ಯವಹಾರದಲ್ಲಿದ್ದವರು. ಹಕ್ಕಿಯ ಹೆಸರು ತಿಳಿದರೆ ಸಾಲದು, ಅದು ಏನು ಮಾಡುತ್ತಿದೆ ಎಂದು ನೋಡಬೇಕು ಎಂಬುದು ಅವರು ಮಗನಿಗೆ ಕಲಿಸಿದ ಪಾಠ. ಹುಡುಗ ಅಕ್ಕಪಕ್ಕದವರ ಕೆಟ್ಟ ರೇಡಿಯೋಗಳನ್ನು ರಿಪೇರಿ ಮಾಡುತ್ತಲೇ ಬೆಳೆದ. ಎಂಐಟಿಯಲ್ಲಿ ಪದವಿ ಪಡೆದು, 1942ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ ಮುಗಿಸಿದ.

ಅದೇ ವರ್ಷ, ಮನೆಯವರ ವಿರೋಧದ ನಡುವೆಯೂ ಕ್ಷಯರೋಗದಿಂದ ಬಳಲುತ್ತಿದ್ದ ಗೆಳತಿ ಆರ್ಲೀನ್‌ರನ್ನು ಮದುವೆಯಾದರು. ನಂತರ ಅಣುಬಾಂಬ್ ಯೋಜನೆಗಾಗಿ ಲಾಸ್ ಅಲಾಮೋಸ್ ಸೇರಿದರು. ಅಲ್ಲಿ ಪಂಚ್ ಕಾರ್ಡ್ ಯಂತ್ರಗಳಲ್ಲಿ ಲೆಕ್ಕ ಮಾಡುವ ತಂಡದ ಹೊಣೆ ಅವರದಾಯಿತು. ವಾರಾಂತ್ಯ ಬಂದರೆ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿದ್ದ ಪತ್ನಿಯ ಬಳಿಗೆ ಪ್ರಯಾಣ. 1945ರ ಜೂನ್ 16ರಂದು ಆರ್ಲೀನ್ ತೀರಿಕೊಂಡರು. ಸರಿಯಾಗಿ ಒಂದು ತಿಂಗಳಿಗೆ ಮೊದಲ ಅಣುಬಾಂಬ್ ಪರೀಕ್ಷೆ ನಡೆಯಿತು. ಯುದ್ಧ ಮುಗಿದ ಮೇಲೂ ಈ ಎರಡು ಭಾರಗಳು ಅವರನ್ನು ಕಾಡಿದವು. ಮುಂದೆ ಬೆಳಕು ಮತ್ತು ಎಲೆಕ್ಟ್ರಾನ್‌ಗಳ ಒಡನಾಟ ಕುರಿತ ಸಿದ್ಧಾಂತಕ್ಕಾಗಿ 1965ರಲ್ಲಿ ಷ್ವಿಂಗರ್ ಮತ್ತು ಟೊಮೊನಾಗ ಜೊತೆ ನೊಬೆಲ್ ಹಂಚಿಕೊಂಡರು.

1981ರ ಆ ಭಾಷಣ

ಎಂಐಟಿ ಏರ್ಪಡಿಸಿದ್ದ ಸಮ್ಮೇಳನದಲ್ಲಿ ಫೈನ್‌ಮನ್ ಎತ್ತಿದ ಪ್ರಶ್ನೆ ಸರಳವಾಗಿತ್ತು: ಪರಮಾಣುಗಳ ಲೋಕವನ್ನು ಸಾಮಾನ್ಯ ಕಂಪ್ಯೂಟರ್ ಅನುಕರಿಸಬಲ್ಲದೇ? ಎರಡು ಸ್ಥಿತಿಗಳಿರುವ 10 ಕಣಗಳನ್ನು ವರ್ಣಿಸಲು 1,024 ಸಂಖ್ಯೆಗಳು ಸಾಕು. ಕಣಗಳು 30 ಆದರೆ 107 ಕೋಟಿ ಬೇಕು. ಒಂದೊಂದು ಕಣ ಸೇರಿದಂತೆ ಲೆಕ್ಕ ದುಪ್ಪಟ್ಟಾಗುತ್ತಾ ಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ಕೂಡ ಕ್ವಾಂಟಮ್ ನಿಯಮದಂತೆಯೇ ನಡೆಯಬೇಕು ಎಂಬುದು ಅವರ ಉತ್ತರ. ಅದೇ ಸುಮಾರಿಗೆ ಪಾಲ್ ಬೆನಿಯಾಫ್, ಯೂರಿ ಮ್ಯಾನಿನ್ ಕೂಡ ಈ ದಿಕ್ಕಿನಲ್ಲಿ ಯೋಚಿಸಿದ್ದರು.

ಕೈಗಾರಿಕೆಗೆ ಏನು ಲಾಭ?

ಹೊಸ ಔಷಧ, ಉತ್ತಮ ಬ್ಯಾಟರಿ ಎಲ್ಲದರ ಮೂಲ ಅಣುಗಳ ವರ್ತನೆ. ಗಾಳಿಯ ಸಾರಜನಕದಿಂದ ಗೊಬ್ಬರ ತಯಾರಿಸಲು ಕಾರ್ಖಾನೆಗೆ ಭಾರಿ ಶಾಖ, ಒತ್ತಡ ಬೇಕು. ಬೇಳೆಕಾಳು ಗಿಡಗಳ ಬೇರಿನ ಬ್ಯಾಕ್ಟೀರಿಯಾಗಳು ಅದನ್ನು ಹೊಲದ ಮಣ್ಣಲ್ಲೇ ಸದ್ದಿಲ್ಲದೆ ಮಾಡುತ್ತವೆ. ಆ ಗುಟ್ಟು ಬಿಡಿಸಲು ಕ್ವಾಂಟಮ್ ಲೆಕ್ಕ ನೆರವಾಗಬಹುದು ಎಂಬ ನಿರೀಕ್ಷೆ ವಿಜ್ಞಾನಿಗಳದ್ದು.

ಆತಂಕವೂ ಇದೆ. ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಇಂದಿನ ಗೂಢಲಿಪಿಯ ಬೀಗ ಒಡೆಯಬಹುದು ಎಂದು 1994ರಲ್ಲಿ ಪೀಟರ್ ಶೋರ್ ತೋರಿಸಿಕೊಟ್ಟರು. ಇಂದು ಕದ್ದಿಟ್ಟ ಮಾಹಿತಿಯನ್ನು ಮುಂದೊಂದು ದಿನ ಓದಲೂಬಹುದು. ಹೀಗಾಗಿಯೇ ಅಮೆರಿಕ 2024ರಲ್ಲಿ ಹೊಸ ಗೂಢಲಿಪಿ ಮಾನದಂಡಗಳನ್ನು ಪ್ರಕಟಿಸಿತು. ಭಾರತ 2023ರಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿತು. ಇದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಕೊನೆಯ ಪಾಠ

1986ರಲ್ಲಿ ಚಾಲೆಂಜರ್ ನೌಕೆ ಸ್ಫೋಟಗೊಂಡಾಗ, ಕ್ಯಾನ್ಸರ್‌ನಿಂದ ಬಳಲುತ್ತಿದ್ದರೂ ಫೈನ್‌ಮನ್ ತನಿಖಾ ಆಯೋಗ ಸೇರಿದರು. ರಬ್ಬರ್ ಉಂಗುರದ ತುಂಡನ್ನು ಮಂಜುಗಡ್ಡೆಯ ನೀರಿಗೆ ಅದ್ದಿ, ಚಳಿಗೆ ಅದು ಪುಟಿಯುವ ಗುಣ ಕಳೆದುಕೊಳ್ಳುವುದನ್ನು ಎಲ್ಲರೆದುರು ತೋರಿಸಿದರು. ಅಧಿಕಾರಿಗಳ ಭರವಸೆಯ ಮಾತುಗಳಿಗಿಂತ ಆ ಒಂದು ಲೋಟ ನೀರು ಹೆಚ್ಚು ಹೇಳಿತು. 1988ರ ಫೆಬ್ರವರಿ 15ರಂದು, 69ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಇಂದಿನ ಕ್ವಾಂಟಮ್ ಯಂತ್ರಗಳು ಇನ್ನೂ ಲೆಕ್ಕದಲ್ಲಿ ಎಡವುತ್ತವೆ. ಆ ತಪ್ಪುಗಳನ್ನು ತಿದ್ದುವುದೇ ಸಂಶೋಧಕರ ಮುಂದಿರುವ ದೊಡ್ಡ ಸವಾಲು. ಕಂಪನಿಗಳ ದೊಡ್ಡ ಘೋಷಣೆಗಳನ್ನು ಓದುವಾಗ ಫೈನ್‌ಮನ್‌ರ ಆ ಲೋಟ ನೆನಪಿನಲ್ಲಿದ್ದರೆ ಒಳ್ಳೆಯದು.